ತರ್ಕಕ್ಕೆ ಗಣಿತದ ರೂಪವಿತ್ತ ಜಾರ್ಜ್ ಬೂಲ್

ಅಂಗೈಯಗಲದ ಹಲಗೆಯೊಂದನ್ನು ಮುಂದಿಟ್ಟುಕೊಂಡು ದೀಪ ಮಿನುಗಿಸುವುದು, ಗಿಡಕ್ಕೆ ನೀರುಣಿಸುವುದು ಮೊದಲಾದ ಪ್ರಯೋಗಗಳಲ್ಲಿ ತೊಡಗಿದ ಹವ್ಯಾಸಿ ತರುಣರನ್ನು ಇಂದು ಊರೂರಲ್ಲಿಯೂ ಕಾಣಬಹುದು. ಆ ಹಲಗೆಯ ಮೇಲಿನ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವಾಗ ಅವರು 'ಬೂಲ್' ಎಂಬ ಶಬ್ದವನ್ನು ಎಷ್ಟೋ ಸಲ ಬಳಸುತ್ತಾರೆ. ಅದು ಒಬ್ಬ ಮಹನೀಯನ ಹೆಸರೆಂಬುದು ಅನೇಕರಿಗೆ ತಿಳಿಯದು. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಒಬ್ಬ ಗಣಿತಜ್ಞನ ಚರಿತ್ರೆಯನ್ನು ಬರೆಯಹೊರಟಿದ್ದೇಕೆಂದು ಮಿತ್ರರು ಕೇಳಬಹುದು. ಅದಕ್ಕೆ ಉತ್ತರವು ಆ ಚರಿತ್ರೆಯಲ್ಲಿಯೇ ಇದೆ.

ಜಾರ್ಜ್ ಬೂಲನು 1815ರ ನವೆಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಪಾದರಕ್ಷೆ ಹೊಲಿಯುವ ಕಸುಬಿನವನು. ಆದರೆ ಅವನ ಮನಸ್ಸೆಲ್ಲ ದೂರದರ್ಶಕದಂತಹ ಉಪಕರಣಗಳನ್ನು ತಾನೇ ಮಾಡಿ ನೋಡುವುದರಲ್ಲಿತ್ತು. ಇಂದಿನ ಹವ್ಯಾಸಿಗಳ ಹಿರಿಯನೆಂದು ಅವನನ್ನು ಕರೆದರೆ ತಪ್ಪಾಗದು. ಹವ್ಯಾಸವು ಬೆಳೆದಂತೆ ಕಸುಬು ಸೊರಗಿತು. ಮಗನಿಗೆ ಉನ್ನತ ವಿದ್ಯೆ ಕೊಡಿಸುವ ಶಕ್ತಿಯು ಮನೆಗಿರಲಿಲ್ಲ.

ಹುಡುಗನು ಲ್ಯಾಟಿನ್ನಿನ ಮೊದಲ ಪಾಠಗಳನ್ನು ಪುಸ್ತಕ ಮಾರುವ ಪರಿಚಿತನೊಬ್ಬನಿಂದ ಕಲಿತು, ಗ್ರೀಕ್ ಮೊದಲಾದ ಇತರ ಭಾಷೆಗಳನ್ನು ಸ್ವಂತ ಪರಿಶ್ರಮದಿಂದಲೇ ಸಾಧಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಮಾಡಿದ ಗ್ರೀಕ್ ಕವಿತೆಯೊಂದರ ಅನುವಾದವು ಊರಿನ ಪತ್ರಿಕೆಯಲ್ಲಿ ಪ್ರಕಟವಾದಾಗ, ಇಷ್ಟು ಚಿಕ್ಕವನು ಇದನ್ನು ಮಾಡಿರಲಾರನೆಂದು ಉಪಾಧ್ಯಾಯನೊಬ್ಬನು ಸಂಶಯಪಟ್ಟನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಸಂಗತಿಯನ್ನು ಓದಿದಾಗ ನನಗೆ ಆ ಬಾಲಕನು ಹತ್ತಿರದವನೆನಿಸಿದನು. ವಿದ್ಯೆಯು ತನ್ನದೇ ಎಂದು ಪ್ರಮಾಣ ತೋರಿಸಬೇಕಾದ ಹೊರೆಯು ಸಾಮಾನ್ಯವಾಗಿ ಬಡವನ ಮೇಲೆಯೇ ಬೀಳುತ್ತದೆ.

ಹದಿನಾರನೆಯ ವಯಸ್ಸಿಗೆ ಬೂಲನು ಡಾಂಕಾಸ್ಟರ್ ಎಂಬಲ್ಲಿ ಸಹಾಯಕ ಉಪಾಧ್ಯಾಯನಾಗಿ ಸಂಸಾರದ ಭಾರವನ್ನು ಹೊತ್ತನು. 1834ರಲ್ಲಿ ಲಿಂಕನ್ನಿನಲ್ಲಿ ಸ್ವಂತ ಶಾಲೆಯನ್ನು ತೆರೆದನು. ಕುಶಲಕರ್ಮಿಗಳ ಜ್ಞಾನಾರ್ಜನೆಗಾಗಿ ಅಲ್ಲಿ ಸ್ಥಾಪಿತವಾಗಿದ್ದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಪುಸ್ತಕ ಭಂಡಾರವೇ ಅವನ ವಿಶ್ವವಿದ್ಯಾನಿಲಯವಾಯಿತು. ಹಗಲು ಮಕ್ಕಳಿಗೆ ಪಾಠ, ಉಳಿದ ಹೊತ್ತಿನಲ್ಲಿ ನ್ಯೂಟನ್ ಮತ್ತು ಫ್ರಾನ್ಸಿನ ಗಣಿತಜ್ಞರ ಗ್ರಂಥಗಳ ವ್ಯಾಸಂಗ, ಹೀಗೆ ವರ್ಷಗಳು ಕಳೆದವು. 1844ರಲ್ಲಿ ಅವನ ಗಣಿತ ಪ್ರಬಂಧಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪದಕವು ದೊರೆಯಿತು. ಅಂಗಡಿಯ ಕೆಲಸಗಾರರಿಗೆ ಓದಲು ಬಿಡುವು ಸಿಗಲೆಂದು ಅಂಗಡಿಗಳನ್ನು ಬೇಗ ಮುಚ್ಚಿಸುವ ಚಳವಳಿಯಲ್ಲಿಯೂ ಅವನು ಸೇರಿ, 1847ರಲ್ಲಿ ಬಿಡುವಿನ ಸದುಪಯೋಗವನ್ನು ಕುರಿತು ಉಪನ್ಯಾಸ ಮಾಡಿದನು.

ಅದೇ ವರ್ಷ ತರ್ಕಶಾಸ್ತ್ರವನ್ನು ಗಣಿತದ ಮೂಲಕ ವಿವರಿಸುವ ಅವನ ಕಿರುಗ್ರಂಥವು ಹೊರಬಂದಿತು. 1849ರಲ್ಲಿ, ಯಾವ ಪದವಿಯೂ ಇಲ್ಲದ ಈತನು ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕನಾದನು. 1854ರಲ್ಲಿ ಆಲೋಚನೆಯ ನಿಯಮಗಳನ್ನು ಕುರಿತ ಅವನ ಮಹಾಗ್ರಂಥವು ಪ್ರಕಟವಾಯಿತು.

ಆ ಗ್ರಂಥದ ತಿರುಳನ್ನು ಹೀಗೆ ಹೇಳಬಹುದು. ಮಂದೆಯಿಂದ ಬಿಳಿಯ ಹಸುಗಳನ್ನು ಆರಿಸಿ, ಆರಿಸಿದವುಗಳಲ್ಲಿ ಮತ್ತೆ ಬಿಳಿಯವನ್ನು ಆರಿಸಿದರೆ ದೊರೆಯುವುದು ಅವೇ ಹಸುಗಳು. ಆರಿಸುವ ಈ ಕ್ರಿಯೆಯನ್ನು ಗುಣಾಕಾರವೆಂದು ಭಾವಿಸಿದರೆ, ಒಂದು ಸಂಜ್ಞೆಯನ್ನು ಅದರಿಂದಲೇ ಗುಣಿಸಿದಾಗ ಅದೇ ಸಂಜ್ಞೆಯು ಬರಬೇಕು. ಸಂಖ್ಯೆಗಳಲ್ಲಿ ಈ ಗುಣವುಳ್ಳವು 0 ಮತ್ತು 1 ಎರಡೇ. ಇಲ್ಲ ಎಂಬುದಕ್ಕೆ 0, ಎಲ್ಲ ಎಂಬುದಕ್ಕೆ 1. ಅವನ ತರುವಾಯ ಜೆವನ್ಸ್ ಮೊದಲಾದವರು ಈ ಪದ್ಧತಿಯನ್ನು ತಿದ್ದಿ ಬೆಳೆಸಿದರು.

ಬೂಲನು 1855ರಲ್ಲಿ ಮೇರಿ ಎವರೆಸ್ಟಳನ್ನು ವರಿಸಿದನು. ಆಕೆಯು ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟನ ಸಹೋದರನ ಮಗಳು. ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. 1864ರ ನವೆಂಬರಿನಲ್ಲಿ ಒಂದು ದಿನ ಬೂಲನು ಸುಮಾರು ಮೂರು ಮೈಲಿ ಮಳೆಯಲ್ಲಿ ನೆನೆಯುತ್ತ ನಡೆದು ಕಾಲೇಜಿಗೆ ಹೋಗಿ, ಒದ್ದೆ ಬಟ್ಟೆಯಲ್ಲಿಯೇ ಪಾಠ ಹೇಳಿದನು. ಅದರಿಂದ ಜ್ವರವೇರಿ ಡಿಸೆಂಬರ್ 8ರಂದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಬೂಲನ ತರ್ಕವು ಯಂತ್ರಗಳನ್ನು ಹೊಕ್ಕ ಬಗೆಯೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಅಮೆರಿಕದ ಕ್ಲಾಡ್ ಶ್ಯಾನನ್ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ತತ್ತ್ವಶಾಸ್ತ್ರದ ತರಗತಿಯೊಂದರಲ್ಲಿ ಬೂಲನ ತರ್ಕವನ್ನು ಕಲಿತಿದ್ದನು. 1937ರ ತನ್ನ ಪ್ರಬಂಧದಲ್ಲಿ ಅವನು ವಿದ್ಯುತ್ ಸ್ವಿಚ್ಚುಗಳ ಜೋಡಣೆಗೆ ಆ ಗಣಿತವೇ ಒದಗುವುದೆಂದು ತೋರಿಸಿದನು. ಅಂದು ಆ ವಿದ್ಯಾರ್ಥಿಗೆ ತತ್ತ್ವಶಾಸ್ತ್ರವು ನಿರುಪಯುಕ್ತವೆಂದು ಯಾರಾದರೂ ಬುದ್ಧಿ ಹೇಳಿ ತಡೆದಿದ್ದರೆ ನಷ್ಟವಾಗುತ್ತಿದ್ದುದು ಯಂತ್ರಶಾಸ್ತ್ರಕ್ಕೇ.

ಮಣ್ಣು ಒಣಗಿರಬೇಕು ಮತ್ತು ತೊಟ್ಟಿಯಲ್ಲಿ ನೀರಿರಬೇಕು, ಆಗ ಮಾತ್ರ ಪಂಪು ಓಡಲಿ ಎಂದು ಹವ್ಯಾಸಿಯು ಬರೆಯುವ ಆಜ್ಞೆಯಲ್ಲಿರುವ 'ಮತ್ತು' ಎಂಬುದು ಬೂಲನ ಗುಣಾಕಾರವೇ. ಎರಡೂ 1 ಆದರೆ ಮಾತ್ರ ಫಲ 1. ಒಂದು 0 ಆದರೂ ಪಂಪು ನಿಲ್ಲುತ್ತದೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಹಲಗೆಯನ್ನು ರೂಪಿಸಿದ್ದೂ ಎಂಜಿನಿಯರುಗಳಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ. ಅದಕ್ಕೆ ಆಜ್ಞೆ ಬರೆಯುವ ಸಾಫ್ಟ್‌ವೇರ್ ಬೆಲೆಯಿಲ್ಲದೆ ದೊರೆಯುತ್ತದೆ. ಹಲಗೆಯ ನಕ್ಷೆಯನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು. ಅದರ ಊನೊ ಎಂಬ ಮಾದರಿಯ ಮೊದಲ ಆವೃತ್ತಿಗಳಲ್ಲಿ ಆಜ್ಞೆಗಳಿಗಿದ್ದ ಸ್ಥಳ ಕೇವಲ 32 ಕಿಲೋಬೈಟ್. ಕಲಿಯುವವನಿಗೆ ಅಷ್ಟೇ ಧಾರಾಳ.

ಲಿಂಕನ್ನಿನ ಆ ಪುಸ್ತಕ ಭಂಡಾರವು ಚಮ್ಮಾರನ ಮಗನೊಬ್ಬನಿಗೆ ಬಾಗಿಲು ತೆರೆದಿರದಿದ್ದರೆ ಈ ತರ್ಕವು ನಮಗೆ ಅವನ ಕೈಯಿಂದ ಬರುತ್ತಿರಲಿಲ್ಲ. ನಮ್ಮ ಕಾಲೇಜಿನ ವಾಚನಾಲಯವೂ ಸಂಜೆ ಇನ್ನೊಂದೆರಡು ಗಂಟೆ ತೆರೆದಿದ್ದು, ಅದರ ಒಂದು ಮೂಲೆಯಲ್ಲಿ ಇಂತಹ ಹಲಗೆಗಳೆರಡು ಕಲಾವಿಭಾಗದವರ ಕೈಗೂ ಸಿಗುವಂತಿರಲೆಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ.