ದಾರಿ ತೆರೆದ ವೀರ: ಮೇಜರ್ ರಾಮ ರಾಘೋಬಾ ರಾಣೆ

ನಮ್ಮ ಮರಳವಾಡಿ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು ಒಬ್ಬ ಸೈನಿಕರನ್ನು. ಇದೇ ಶಾಲೆಯಲ್ಲಿ ಓದಿ, ಮುಂದೆ ಬೇರೆ ಬೇರೆ ಊರುಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ದುಡಿದವನು ನಾನು. ಪರಮವೀರ ಚಕ್ರ ಎಂದರೇನು ಎಂದು ಕೇಳಿದರೆ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಿದ್ದರು. ನಮ್ಮ ಕರ್ನಾಟಕದವರು ಯಾರಾದರೂ ಅದನ್ನು ಪಡೆದಿದ್ದಾರೆಯೇ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತಿತ್ತು. ಪಡೆದಿದ್ದಾರೆ. ಅವರೇ ಮೇಜರ್ ರಾಮ ರಾಘೋಬಾ ರಾಣೆ.

ರಾಣೆಯವರು ಜನಿಸಿದ್ದು 1918ರ ಜೂನ್ 26ರಂದು. ಅವರ ಹಿರಿಯರ ಊರು ಕಾರವಾರದ ಹತ್ತಿರದ ಚೆಂಡಿಯಾ. ಮನೆಮಾತು ಕೊಂಕಣಿ. ತಂದೆ ರಾಘೋಬಾ ರಾಣೆಯವರು ಪೊಲೀಸ್ ಪೇದೆ. ಅಪ್ಪನಿಗೆ ವರ್ಗವಾದಾಗಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. ಒಂದು ಊರಿನಲ್ಲಿ ನೆಲೆನಿಂತು ಓದುವ ಭಾಗ್ಯ ಆ ಹುಡುಗನಿಗೆ ಇರಲಿಲ್ಲ. 1930ರ ಹೊತ್ತಿಗೆ ದೇಶದಲ್ಲೆಲ್ಲ ಸ್ವಾತಂತ್ರ್ಯ ಚಳವಳಿಯ ಗಾಳಿ ಬೀಸುತ್ತಿತ್ತು. ಹನ್ನೆರಡು ವರ್ಷದ ಬಾಲಕನ ಮನಸ್ಸು ಅತ್ತ ಹೊರಳಿತು. ಬ್ರಿಟಿಷ್ ಸರ್ಕಾರದ ಸಂಬಳ ತಿನ್ನುವ ತಂದೆಗೆ ಇದು ದಿಗಿಲು ಹುಟ್ಟಿಸಿ, ಅವರು ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1940ರ ಜುಲೈ 10ರಂದು, 22ರ ಹರೆಯದ ರಾಣೆ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸೇರಿದರು. ತಮ್ಮ ತಂಡದ ಅತ್ಯುತ್ತಮ ಹೊಸ ಸೈನಿಕ ಎಂಬ ಹೆಸರು ಅವರಿಗೆ ಬಂತು. ಈ ದಳದವರನ್ನು ಸ್ಯಾಪರ್‌ಗಳು ಎಂದು ಕರೆಯುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರು ಹೂತಿಟ್ಟ ಸಿಡಿಗುಂಡುಗಳನ್ನು ತೆಗೆಯುವುದು ಇವರ ಕೆಲಸ. ಕಲ್ಲು ಕ್ವಾರಿಗಳಿರುವ ನಮ್ಮ ಸೀಮೆಯ ಜನರಿಗೆ ಮದ್ದು ಸಿಡಿಸುವುದು ಎಂತಹ ಅಪಾಯದ ಕೆಲಸ ಎಂದು ಹೇಳಬೇಕಾಗಿಲ್ಲ. ಕ್ವಾರಿಯಲ್ಲಿ ಮದ್ದು ಎಲ್ಲಿದೆ ಎಂಬುದಾದರೂ ಗೊತ್ತಿರುತ್ತದೆ. ಸ್ಯಾಪರ್‌ಗೆ ಅದೂ ಗೊತ್ತಿರುವುದಿಲ್ಲ. ಮಣ್ಣಿನಡಿ ಅಡಗಿದ್ದನ್ನು ಹುಡುಕಿ ತೆಗೆಯಬೇಕು, ಅದೂ ಗುಂಡಿನ ಮಳೆಯ ನಡುವೆ.

ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಜಪಾನೀಯರ ಎದುರು ನಮ್ಮ ಸೈನ್ಯ ಹಿಂದೆ ಸರಿಯಬೇಕಾಗಿ ಬಂದಾಗ, ಬುಥಿಡಾಂಗ್‌ನಲ್ಲಿ ಶತ್ರುವಿಗೆ ಉಪಯೋಗವಾಗಬಹುದಾದದ್ದನ್ನು ನಾಶಮಾಡಲು ರಾಣೆಯವರನ್ನೂ ಒಂದಷ್ಟು ಸೈನಿಕರನ್ನೂ ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ಹಡಗಿನಲ್ಲಿ ಕರೆದೊಯ್ಯುವುದೆಂದು ಏರ್ಪಾಡಾಗಿತ್ತು. ಅದು ನಡೆಯಲಿಲ್ಲ. ಜಪಾನೀಯರು ಕಾವಲಿದ್ದ ನದಿಯನ್ನು ದಾಟಿ ರಾಣೆ ತಮ್ಮವರನ್ನು ಸೈನ್ಯಕ್ಕೆ ತಂದು ಸೇರಿಸಿದರು. ಇದಕ್ಕಾಗಿ ಹವಿಲ್ದಾರ್ ಹುದ್ದೆಗೆ ಬಡ್ತಿ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ, 1947ರ ಡಿಸೆಂಬರ್ 15ರಂದು, ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು. ಪೇದೆಯ ಮಗ, ಸಾಮಾನ್ಯ ಸಿಪಾಯಿಯಾಗಿ ಸೇರಿದವನು, ಸ್ವತಂತ್ರ ಭಾರತದ ಸೈನ್ಯಾಧಿಕಾರಿಯಾದ.

ನಾಲ್ಕೇ ತಿಂಗಳಲ್ಲಿ ಪರೀಕ್ಷೆಯ ಕಾಲ ಬಂತು. ಜಮ್ಮು ಪ್ರಾಂತ್ಯದ ರಾಜೌರಿ ಶತ್ರುಗಳ ಕೈಯಲ್ಲಿತ್ತು. ನಮ್ಮ ಸೈನ್ಯ ನೌಶೇರಾದಿಂದ ಅಲ್ಲಿಗೆ ಹೊರಟಿತು. ಬೆಟ್ಟಗಳ ನಡುವೆ ಹಾವಿನಂತೆ ಸಾಗುವ ಆ ರಸ್ತೆಯ ಉದ್ದಕ್ಕೂ ಸಿಡಿಗುಂಡು ಹೂತು, ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿ, ಮೋರಿಯನ್ನು ಒಡೆದು ಹಾಕಿದ್ದರು. ದಾರಿಯಿಲ್ಲದೆ ಟ್ಯಾಂಕ್ ಹೋಗದು, ಟ್ಯಾಂಕ್ ಇಲ್ಲದೆ ಕಾಲಾಳು ಮುಂದುವರಿಯುವುದು ಕಷ್ಟ. ದಾರಿ ಮಾಡಿಕೊಡುವ ಹೊಣೆ ರಾಣೆಯವರ ತಂಡದ್ದು.

1948ರ ಏಪ್ರಿಲ್ 8ರಂದು ಕೆಲಸ ಶುರುವಾಗುವ ಹೊತ್ತಿಗೇ ಶತ್ರುವಿನ ಮಾರ್ಟರ್ ಗುಂಡುಗಳು ಬಿದ್ದವು. ತಂಡದ ಇಬ್ಬರು ಅಲ್ಲೇ ಪ್ರಾಣ ಬಿಟ್ಟರು. ರಾಣೆಯವರೂ ಸೇರಿ ಐವರಿಗೆ ಗಾಯವಾಯಿತು. ಗಾಯಾಳುವಾಗಿ ಅವರು ಹಿಂದಕ್ಕೆ ಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತ ಮುಂದುವರಿದು ಅಡೆತಡೆಗಳನ್ನು ತೆರವು ಮಾಡಿದರೆಂಬುದು ಸೈನ್ಯದಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುವ ಸಂಗತಿ.

9ರಂದು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ದುಡಿದು ಟ್ಯಾಂಕುಗಳಿಗೆ ಸುತ್ತುದಾರಿ ಮಾಡಿದರು. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಅಡ್ಡಿ. ಸಂಜೆಗತ್ತಲಲ್ಲಿ ಐದು ದೊಡ್ಡ ಪೈನ್ ಮರಗಳ ತಡೆ ಎದುರಾಯಿತು. ಸುತ್ತಲೂ ಸಿಡಿಗುಂಡು, ಮೇಲಿನಿಂದ ಮೆಷಿನ್‌ಗನ್ ದಾಳಿ. ಅಂದಿಗೆ ಸೈನ್ಯ ನಿಂತಿತು. ಮರುದಿನ ನಸುಕಿನ ನಾಲ್ಕೂಮುಕ್ಕಾಲಿಗೇ ರಾಣೆ ಆ ತಡೆಯ ಮುಂದಿದ್ದರು. ಆರೂವರೆಗೆ ದಾರಿ ತೆರವಾಯಿತು. ಅಂದು ರಾತ್ರಿ ಒಂಬತ್ತರವರೆಗೂ ಕೆಲಸ ನಿಲ್ಲಲಿಲ್ಲ. 11ರಂದು ಬೆಳಿಗ್ಗೆ ಹನ್ನೊಂದಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ಅದರಾಚೆಗಿನ ದಾರಿಗಾಗಿ ರಾತ್ರಿ ಹತ್ತರವರೆಗೆ ದುಡಿದರು. 12ರಂದು ನಮ್ಮ ಸೈನ್ಯ ರಾಜೌರಿಯನ್ನು ಸೇರಿತು. ಚಿಂಗಸ್‌ನಿಂದ ರಾಜೌರಿಯವರೆಗೆ ಸಿಲುಕಿಕೊಂಡಿದ್ದ ಎಷ್ಟೋ ನಾಗರಿಕರ ಜೀವ ಉಳಿಯಿತು. ದಾರಿ ಒಂದೆರಡು ದಿನ ತಡವಾಗಿ ತೆರೆದಿದ್ದರೆ ಆ ಹೆಂಗಸರು ಮಕ್ಕಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಆ ನಾಲ್ಕು ದಿನಗಳ ಬೆಲೆ ತಿಳಿಯುತ್ತದೆ.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು. ಅದೇ ವರ್ಷ ಜೂನ್‌ನಲ್ಲಿ ರಾಣೆಯವರ ಹೆಸರು ಪ್ರಕಟವಾಯಿತು. 1947-48ರ ಯುದ್ಧಕ್ಕಾಗಿ ಈ ಗೌರವ ಪಡೆದ ಐವರಲ್ಲಿ ಮೂವರು ರಣರಂಗದಲ್ಲೇ ಮಡಿದಿದ್ದರು. ಬದುಕಿದ್ದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ. 28 ವರ್ಷಗಳ ಸೇವೆಯ ನಂತರ 1968ರಲ್ಲಿ ಮೇಜರ್ ಆಗಿ ನಿವೃತ್ತರಾದ ಅವರು 1994ರ ಜುಲೈ 11ರಂದು ಪುಣೆಯಲ್ಲಿ ನಿಧನರಾದರು.

ಕಾರವಾರದ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ, ಅವರ ಪ್ರತಿಮೆಯಿದೆ. ಭಾರತೀಯ ಹಡಗು ನಿಗಮ 1984ರಲ್ಲಿ ಒಂದು ತೈಲ ಹಡಗಿಗೆ ಅವರ ಹೆಸರಿಟ್ಟಿತು. 2023ರ ಜನವರಿ 23ರಂದು ಅಂಡಮಾನ್‌ನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ರಾಣೆಯವರದಾಯಿತು. ಪ್ರವಾಸಕ್ಕೆಂದು ಗೋಕರ್ಣ, ಮುರುಡೇಶ್ವರದ ಕಡೆಗೆ ಹೋಗುವ ನಮ್ಮೂರಿನವರು ಹಾಗೆಯೇ ಮುಂದೆ ಕಾರವಾರಕ್ಕೂ ಹೋಗಿ, ಆ ಪ್ರತಿಮೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಈ ಕಥೆ ಹೇಳಬೇಕು.

ನನಗೆ ರಾಣೆಯವರು ದೊಡ್ಡವರಾಗಿ ಕಾಣುವುದು ಅವರು ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕದಿಂದಲ್ಲ. ಹಿಂದೆ ಬರುವವರು ಕ್ಷೇಮವಾಗಿ ಸಾಗಲೆಂದು ಮುಂದೆ ಹೋಗಿ ನೆಲ ತಡವಿದರು, ಅದಕ್ಕೆ. ಅವರ ಪಕ್ಕದಲ್ಲೇ ಬಿದ್ದ ಆ ಇಬ್ಬರು ಸ್ಯಾಪರ್‌ಗಳಿಗೆ ಪ್ರತಿಮೆಯೂ ಇಲ್ಲ, ಹಡಗೂ ಇಲ್ಲ. ದಾರಿ ಅವರದೂ ಹೌದು. ನಮ್ಮ ಶಾಲೆಗೂ ಐವತ್ತು ವರ್ಷಗಳಿಂದ ದಾರಿ ಮಾಡಿಕೊಟ್ಟವರು ಹಲವರಿದ್ದಾರೆ: ಪಾಠ ಹೇಳಿದವರು, ಗಂಟೆ ಬಾರಿಸಿದವರು, ಕೂಲಿಯ ಹಣದಲ್ಲಿ ಮಕ್ಕಳಿಗೆ ಪುಸ್ತಕ ಕೊಡಿಸಿದ ತಂದೆತಾಯಿಗಳು. ಈ ಸಂಭ್ರಮದಲ್ಲಿ ಹೆಸರು ಅಚ್ಚಾದವರ ಜೊತೆಗೆ ಹೆಸರು ಅಚ್ಚಾಗದವರನ್ನೂ ನೆನೆಯೋಣ.