ಮಲ್ಲನ ಮೊಣಕಾಲು

ಬಲಶಾಲಿಗಳ ಜೀವನಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ಎತ್ತಿದ ಭಾರವನ್ನು ತೂಗಿ, ಕೆಡಹಿದ ಎದುರಾಳಿಗಳನ್ನು ಎಣಿಸಿ, ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆ ಭಾರವನ್ನೆಲ್ಲ ತಾಳಿಕೊಂಡ ಕೀಲುಗಳು ಕೊನೆಗೆ ಏನಾದುವೆಂದು ವಿಚಾರಿಸುವವರು ವಿರಳ. ಜಾರ್ಜ್ ಹ್ಯಾಕೆನ್‌ಶ್ಮಿಟ್ಟನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಯೂರೋಪು ಅಮೆರಿಕಗಳೆರಡೂ ‘ರಷ್ಯದ ಸಿಂಹ’ವೆಂದು ಕರೆದ ಈ ಮಲ್ಲನ ಎದೆಯ ಸುತ್ತಳತೆ, ತೋಳಿನ ಸುತ್ತಳತೆಗಳು ಪುಸ್ತಕಗಳಲ್ಲಿ ಸಿಕ್ಕುತ್ತವೆ. ಆತನ ಬಾಳಿನ ದಿಕ್ಕನ್ನು ಮೂರು ಸಲ ಬದಲಿಸಿದುದು ಮಾತ್ರ ತೋಳಲ್ಲ, ಎದೆಯಲ್ಲ. ಒಂದು ಕೈಗಾಯ, ಒಂದು ಹೆಗಲಿನ ನೋವು, ಒಂದು ಮೊಣಕಾಲು. ಆ ದಾರಿಯಲ್ಲಿಯೇ ಆತನ ಕಥೆಯನ್ನು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಇದ್ದಿತು.

ಈತ ಹುಟ್ಟಿದುದು ೧೮೭೭ರ ಆಗಸ್ಟಿನಲ್ಲಿ, ಅಂದು ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದು ಇಂದು ಎಸ್ಟೋನಿಯದ ಟಾರ್ಟು ಎನಿಸಿಕೊಂಡಿರುವ ಡೋರ್ಪಾಟ್ ನಗರದಲ್ಲಿ. ತಂದೆಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿತ್ತು. ಮನೆಯಲ್ಲಿ ಯಾರೂ ಹೇಳಿಕೊಳ್ಳುವಂತಹ ಬಲಶಾಲಿಗಳಲ್ಲ. ಹುಡುಗ ಶಾಲೆಯನ್ನು ಮುಗಿಸಿ, ಎಂಜಿನಿಯರಿಂಗ್ ಕೆಲಸ ಕಲಿಯಲು ರೆವಾಲ್ ಪಟ್ಟಣದ, ಎಂದರೆ ಈಗಿನ ಟಾಲಿನ್ನಿನ, ಕಾರ್ಖಾನೆಯೊಂದನ್ನು ಸೇರಿದನು. ಅಲ್ಲಿನ ಅಂಗಸಾಧನೆಯ ಸಂಘದಲ್ಲಿ ಸಂಜೆಯ ಹೊತ್ತು ಕುಸ್ತಿಯನ್ನೂ ಭಾರ ಎತ್ತುವುದನ್ನೂ ಅಭ್ಯಾಸ ಮಾಡುತ್ತಿದ್ದನು. ಹೀಗೆಯೇ ನಡೆದಿದ್ದರೆ ಬಾಲ್ಟಿಕ್ ತೀರದ ಒಬ್ಬ ಗಟ್ಟಿಮುಟ್ಟಾದ ಎಂಜಿನಿಯರನಾಗಿ ಆತ ಮುಗಿದುಹೋಗುತ್ತಿದ್ದನು.

ಹಾಗಾಗದಂತೆ ಮಾಡಿದುದು ಕೈಗಾಯ. ಕಾರ್ಖಾನೆಯಲ್ಲಿ ಕೈಗೆ ಪೆಟ್ಟಾಗಿ ವೈದ್ಯರೊಬ್ಬರ ಬಳಿಗೆ ಹೋದಾಗ, ಅವರ ಮನೆಗೆ ಅತಿಥಿಯಾಗಿ ಬಂದಿದ್ದ ವೃದ್ಧರೊಬ್ಬರು ಈ ತರುಣನ ಮೈಕಟ್ಟನ್ನು ಕಂಡು ಬೆರಗಾದರು. ಅವರು ಪೀಟರ್ಸ್‌ಬರ್ಗಿನ ಡಾಕ್ಟರ್ ಕ್ರಾಯೆವ್‌ಸ್ಕಿ. ಜಾರನ ವೈದ್ಯರು, ರಷ್ಯದಲ್ಲಿ ಭಾರ ಎತ್ತುವ ಕ್ರೀಡೆಗೆ ತಳಹದಿ ಹಾಕಿದವರು. ಗಾಯ ದೊಡ್ಡದೇನಲ್ಲವೆಂದು ಅವರು ಹೇಳಿದರು. ಹುಡುಗನನ್ನು ತಮ್ಮ ಮನೆಗೇ ಬಂದು ಇರುವಂತೆ ಕರೆದರು. ತಂದೆತಾಯಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೂ ೧೮೯೮ರಲ್ಲಿ ಹ್ಯಾಕೆನ್‌ಶ್ಮಿಟ್ಟನು ಪೀಟರ್ಸ್‌ಬರ್ಗಿಗೆ ಹೊರಟುಹೋದನು.

ವೈದ್ಯನೇ ಗುರುವಾಗಿ ದೊರೆತ ಜಟ್ಟಿಗಳು ಬಹುಮಂದಿ ಇರಲಾರರು. ನಮ್ಮ ಗರಡಿಮನೆಗಳಲ್ಲಿ ಉಳುಕಿಗೂ ಮೂಳೆ ಸರಿದುದಕ್ಕೂ ಉಸ್ತಾದರೇ ಎಣ್ಣೆ ನೀವಿ ಪಟ್ಟು ಹಾಕುತ್ತಿದ್ದರಷ್ಟೆ. ಅಲ್ಲಿ ಗುರು ವೈದ್ಯನಾಗುತ್ತಿದ್ದರೆ ಇಲ್ಲಿ ವೈದ್ಯನೇ ಗುರುವಾದನು. ಕ್ರಾಯೆವ್‌ಸ್ಕಿಯ ಮನೆಯ ಒಂದು ದೊಡ್ಡ ಕೋಣೆ ಗುಂಡುಗಳಿಂದಲೂ ಭಾರದ ಸರಳುಗಳಿಂದಲೂ ತುಂಬಿತ್ತು. ಶಿಷ್ಯನಿಗೆ ಮದ್ಯವಿಲ್ಲ, ಹೊಗೆಸೊಪ್ಪಿಲ್ಲ. ದಿನಕ್ಕೆ ಹನ್ನೊಂದು ಪಿಂಟ್, ಎಂದರೆ ಆರು ಲೀಟರಿಗೂ ಮಿಗಿಲಾದ ಹಾಲು. ಕೆಲವೇ ತಿಂಗಳುಗಳಲ್ಲಿ ಆತ ಫ್ರಾನ್ಸಿನ ಪ್ರಸಿದ್ಧ ಮಲ್ಲ ಪಾಲ್ ಪೋನ್ಸನನ್ನು ಕೆಡಹಿದನು. ಅದೇ ವರ್ಷ ವಿಯೆನ್ನದಲ್ಲಿ ಕುಸ್ತಿಯ ಯೂರೋಪ್ ಪ್ರಶಸ್ತಿಯನ್ನು ಗೆದ್ದು, ಭಾರ ಎತ್ತುವ ಜಗತ್‌ಸ್ಪರ್ಧೆಯಲ್ಲಿ ಮೂರನೆಯವನಾದನು. ಬಲಗೈಯೊಂದರಿಂದಲೇ ೧೯೭ ಪೌಂಡನ್ನು ನೆಲದಿಂದ ತಲೆಯ ಮೇಲಕ್ಕೆ ಒಂದೇ ಸೆಳೆತಕ್ಕೆ ಒಯ್ದನು. ಬೆನ್ನ ಮೇಲೆ ಮಲಗಿ ೩೬೧ ಪೌಂಡನ್ನು ಎದೆಯಿಂದ ಮೇಲಕ್ಕೆ ಒತ್ತಿದ ದಾಖಲೆಯಂತೂ ಸುಮಾರು ಹದಿನೆಂಟು ವರ್ಷ ಮುರಿಯದೆ ನಿಂತಿತು.

ಇಷ್ಟನ್ನು ತಾಳಿದ ಹೆಗಲು ೧೮೯೯ರ ಕೊನೆಗೆ ಪ್ಯಾರಿಸ್ಸಿನಲ್ಲಿ ಮುನಿಯಿತು. ಅಲ್ಲಿನ ದೊಡ್ಡ ಪಂದ್ಯಾವಳಿಯನ್ನು ನಡುವಿನಲ್ಲಿಯೇ ಬಿಟ್ಟು ಹಿಂದಿರುಗಬೇಕಾಯಿತು. ಆಗ ಆತನಿಗೆ ಇಪ್ಪತ್ತೆರಡು ವರ್ಷ. ಆ ವಯಸ್ಸಿನಲ್ಲಿ ನೋವು ಬಂದರೆ ಅದು ಹೋಗಿಯೇ ಹೋಗುವುದೆಂಬ ಧೈರ್ಯವಿರುತ್ತದೆ, ಬಹುಮಟ್ಟಿಗೆ ಹೋಗುತ್ತದೆ ಕೂಡ. ಮನೆಯಲ್ಲಿ ಕ್ರಾಯೆವ್‌ಸ್ಕಿಯಿದ್ದರು, ಚಿಕಿತ್ಸೆ ನಡೆಯಿತು, ವಿಶ್ರಾಂತಿ ದೊರೆಯಿತು, ಹೆಗಲು ಮತ್ತೆ ಒಗ್ಗಿಕೊಂಡಿತು. ೧೯೦೦ರಲ್ಲಿ ಆತ ಹಣಕ್ಕಾಗಿ ಕುಸ್ತಿ ಮಾಡುವ ವೃತ್ತಿಯನ್ನು ಹಿಡಿದನು.

ಇಲ್ಲಿ ಒಂದು ಮಾತು. ಈಗಿನ ವ್ಯಾಯಾಮಶಾಲೆಗಳಿಗೆ ಹೋಗುವ ನಮ್ಮ ಹುಡುಗರು ‘ಹ್ಯಾಕ್ ಸ್ಕ್ವಾಟ್’ ಎಂಬ ಒಂದು ಬಗೆಯ ಬಸ್ಕಿಯನ್ನು ಬಲ್ಲರು. ಭಾರದ ಸರಳನ್ನು ಕಾಲುಗಳ ಹಿಂದುಗಡೆ ಹಿಡಿದು ಕುಳಿತು ಏಳುವುದು ಅದರ ಮೂಲರೂಪ. ಇಂದು ಅದಕ್ಕೊಂದು ಯಂತ್ರವೇ ಇದೆ. ಆ ಹೆಸರು ಹ್ಯಾಕೆನ್‌ಶ್ಮಿಟ್ಟನಿಂದ ಬಂದಿತೆಂದು ಅನೇಕರು ನಂಬುತ್ತಾರೆ. ಜರ್ಮನ್ ಭಾಷೆಯಲ್ಲಿ ಹಿಮ್ಮಡಿಗೆ ‘ಹಾಕೆ’ ಎಂಬ ಮಾತಿರುವುದರಿಂದ, ಹಿಮ್ಮಡಿಗಳನ್ನು ಜೋಡಿಸಿ ಹಾಕುವ ಬಸ್ಕಿಯೆಂಬ ಅರ್ಥದಲ್ಲಿ ಅದು ಹುಟ್ಟಿತೆಂದು ಹೇಳುವವರೂ ಇದ್ದಾರೆ. ಶಬ್ದದ ಹುಟ್ಟನ್ನು ಹುಡುಕುವ ಚಟವುಳ್ಳ ನಾನು ಎರಡನೆಯ ಪಕ್ಷಕ್ಕೆ ವಾಲುತ್ತೇನೆ. ಮಲ್ಲನ ಹೆಸರಿನೊಂದಿಗೆ ಇಂದಿಗೂ ಉಳಿದಿರುವ ಈ ಸಾಧನೆಯ ಭಾರವೆಲ್ಲ ಬೀಳುವುದು ಮೊಣಕಾಲಿನ ಮೇಲೆಯೇ ಎಂಬುದನ್ನು ಮಾತ್ರ ಮರೆಯಲಾಗದು. ೧೯೦೨ರಲ್ಲಿ ಆತ ಎರಡು ಕಾಲುಗಳನ್ನೂ ಕಟ್ಟಿಕೊಂಡು ಮೇಜಿನ ಮೇಲಿಂದ ನೂರು ಸಲ ಹಾರಿದನೆಂದೂ ಹೇಳುತ್ತಾರೆ. ಜನ ಚಪ್ಪಾಳೆ ತಟ್ಟಿರಬೇಕು. ಪ್ರತಿಯೊಂದು ಹಾರಿಕೆಯ ಲೆಕ್ಕವನ್ನೂ ಮಂಡಿ ಬರೆದಿಟ್ಟುಕೊಂಡಿರಬೇಕು.

ಆತ ಲಂಡನ್ನಿಗೆ ಬಂದು, ಕಾಕ್ರನ್ ಎಂಬ ಚತುರನಾದ ವ್ಯವಸ್ಥಾಪಕನ ಕೈಗೆ ಸಿಕ್ಕ ಮೇಲೆ ಕೀರ್ತಿಗೆ ಎಲ್ಲೆಯಿಲ್ಲದಾಯಿತು. ೧೯೦೪ರ ಜನವರಿ ೩೦ರಂದು ಒಲಿಂಪಿಯ ಸಭಾಂಗಣದಲ್ಲಿ ತುರ್ಕಿಯ ದೈತ್ಯ ಅಹಮದ್ ಮದ್ರಾಲಿಯನ್ನು ನಲವತ್ತನಾಲ್ಕು ಸೆಕೆಂಡುಗಳಲ್ಲಿ ಎತ್ತಿ ಕೆಡಹಿದನು. ಬಿದ್ದ ರಭಸಕ್ಕೆ ಮದ್ರಾಲಿಯ ತೋಳಿನ ಕೀಲು ತಪ್ಪಿತು. ಇನ್ನೊಬ್ಬನ ಕೀಲು ತಪ್ಪಿಸಿ ಪಡೆದ ಕೀರ್ತಿ ಅದು. ಆಟದ ಧರ್ಮವೇ ಹಾಗೆ. ೧೯೦೫ರ ಮೇ ೪ರಂದು ನ್ಯೂಯಾರ್ಕಿನಲ್ಲಿ ಟಾಮ್ ಜೆಂಕಿನ್ಸನನ್ನು ಸೋಲಿಸಿ ಜಗಜ್ಜಟ್ಟಿಯೆನಿಸಿಕೊಂಡನು.

ಈ ಕೀರ್ತಿಯ ವರ್ಷಗಳಲ್ಲಿಯೇ ಮೊಣಕಾಲು ಕಾಡತೊಡಗಿದುದು. ಕೀಲಿನಲ್ಲಿ ನೀರು ತುಂಬಿ ಊದಿಕೊಳ್ಳುವುದು, ಇಳಿಯುವುದು, ಮತ್ತೆ ಊದುವುದು. ಕೀಲಿನ ಒಳಮೈಗೆ ಒಂದು ತೆಳುವಾದ ಪೊರೆಯುಂಟು. ಕೀಲಿಗೆ ಎಣ್ಣೆಯಂತಿರುವ ದ್ರವವನ್ನು ಒಸರಿಸುವುದು ಅದರ ಕೆಲಸ. ಪೆಟ್ಟಿನ ಮೇಲೆ ಪೆಟ್ಟು ಬಿದ್ದಾಗ ಪೊರೆ ಕೆರಳಿ ಅತಿಯಾಗಿ ಒಸರುತ್ತದೆ. ಒಳಗಿರುವ ಮೆಲ್ಲೆಲುಬಿಗೆ ರಕ್ತದ ಸಂಚಾರ ಬಲು ಕಡಮೆಯಾದುದರಿಂದ ಅಲ್ಲಿ ಆದ ಗಾಯ ಮಾಂಸದ ಗಾಯದಂತೆ ಬೇಗ ಕೂಡಿಕೊಳ್ಳುವುದಿಲ್ಲ. ಊದಿದ ಕೀಲು ತೊಡೆಯ ಮುಂಭಾಗದ ಸ್ನಾಯುವನ್ನು ತಾನೇ ತಡೆದು ನಿಲ್ಲಿಸುತ್ತದೆಂಬುದನ್ನು ಇಂದಿನ ವೈದ್ಯರು ಬಲ್ಲರು. ಎಂದರೆ ಬಲವಿದ್ದೂ ಬಲ ಕೈಗೆ ಬಾರದು. ಹೊರಗಿನಿಂದ ನೋಡುವವರಿಗೆ ಅದೇ ತೊಡೆ, ಅದೇ ಎದೆ, ಅದೇ ಸಿಂಹ.

ಸೊಂಟದ ನೋವೊಂದನ್ನು ಹನ್ನೆರಡು ವರ್ಷಗಳಿಂದ ಸಾಕಿಕೊಂಡು ಬಂದಿರುವ ನನಗೆ ಈ ಕಥೆಯಲ್ಲಿ ನಾಟುವುದು ಇದೇ. ಜ್ವರಕ್ಕೆ ಸಾಕ್ಷಿಯುಂಟು, ಹಣೆ ಮುಟ್ಟಿ ನೋಡಬಹುದು. ಮುರಿದ ಮೂಳೆಗೆ ಕಟ್ಟಿದ ಪಟ್ಟಿಯೇ ಸಾಕ್ಷಿ. ಬಹುಕಾಲದ ಕೀಲುನೋವಿಗೆ ಸಾಕ್ಷಿಯಿಲ್ಲ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಂಡು ಕಾಲು ನೀಡಿ ಕೂಡುವ ಹುಡುಗರು ಇಬ್ಬರು ಮೂವರು ಪ್ರತಿವರ್ಷವೂ ಇರುತ್ತಾರೆ. ಭಾರ ಎತ್ತುವುದನ್ನು ಬಿಡಲಾರರು, ನೋವನ್ನು ಹೇಳಿಕೊಳ್ಳಲಾರರು. ಹೇಳಿಕೊಂಡರೆ ಸೋಮಾರಿತನದ ನೆಪವೆಂದು ಜೊತೆಯವರು ನಗುತ್ತಾರೆ. ಮನೆಯವರೋ, ಒಮ್ಮೆಲೇ ಎಲ್ಲವನ್ನೂ ಬಿಟ್ಟುಬಿಡೆನ್ನುತ್ತಾರೆ. ಇವೆರಡರ ನಡುವೆ ಅವರು ನಿಂತಿರುವ ಇಕ್ಕಟ್ಟಿನಲ್ಲಿಯೇ ೧೯೦೮ರಲ್ಲಿ ಹ್ಯಾಕೆನ್‌ಶ್ಮಿಟ್ಟನೂ ನಿಂತಿದ್ದನು.

ಆ ವರ್ಷ ಎರಡು ಸಂಗತಿಗಳು ನಡೆದುವು. ಬದುಕುವ ಬಗೆ ಎಂಬ ಅರ್ಥದ ಹೆಸರಿನ ಆತನ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಭಾರವನ್ನು ಏಕಾಏಕಿ ಏರಿಸದೆ ಹಂತಹಂತವಾಗಿ ಹೆಚ್ಚಿಸಬೇಕು, ದೇಹದ ಯಾವ ಭಾಗವನ್ನೂ ಉದಾಸೀನ ಮಾಡಬಾರದು, ನಿದ್ರೆ ಬೇಕು, ಶುದ್ಧವಾದ ಗಾಳಿ ಬೇಕು, ಊಟದಲ್ಲಿ ಮುಕ್ಕಾಲು ಪಾಲು ಸಸ್ಯಾಹಾರವಿರಬೇಕು ಎಂದು ಅದು ತಿಳಿಸುತ್ತದೆ. ಅದೇ ವರ್ಷದ ಏಪ್ರಿಲ್ ೩ರಂದು ಷಿಕಾಗೋ ನಗರದಲ್ಲಿ ಅಮೆರಿಕದ ಫ್ರಾಂಕ್ ಗಾಚ್ ಎಂಬವನ ಮುಂದೆ ಆತ ಸೋತನು. ಆರೋಗ್ಯವನ್ನು ಬೋಧಿಸಿದವನ ಮೊಣಕಾಲೇ ನೆಟ್ಟಗಿರಲಿಲ್ಲವಲ್ಲ ಎಂದು ಹಾಸ್ಯ ಮಾಡಬಹುದು. ನನಗೆ ಹಾಗೆ ತೋರುವುದಿಲ್ಲ. ಎಂದೂ ಎಡವದವನಿಗಿಂತ ದಾರಿಯ ಕಲ್ಲುಗಳ ಮೇಲೆ ನಡೆದವನೇ ದಾರಿಯನ್ನು ಹೇಳಲು ತಕ್ಕವನು.

ಷಿಕಾಗೋವಿನಲ್ಲಿ ಆತ ಜನರೆದುರು ಅಭ್ಯಾಸ ಮಾಡಲು ಒಪ್ಪಲಿಲ್ಲ. ಕೋಣೆಯಲ್ಲಿಯೇ ಉಳಿದು, ಬೆಳಗ್ಗೆ ರಾತ್ರಿ ಸರೋವರದ ದಂಡೆಯಲ್ಲಿ ದೂರದೂರ ನಡೆಯುತ್ತಿದ್ದನು. ಗರ್ವದಿಂದ ಎದುರಾಳಿಯನ್ನು ಕಡೆಗಣಿಸಿದನೆಂದು ಅಮೆರಿಕದವರು ಬರೆದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓಡಲು ಹೆದರುವ ಮೊಣಕಾಲುಳ್ಳವನು ನಡೆಯುವುದನ್ನು ಆರಿಸಿಕೊಂಡರೆ ಅದೆಲ್ಲವೂ ಗರ್ವವಲ್ಲ. ಎರಡು ಗಂಟೆಗಳಿಗೂ ಮಿಕ್ಕು ನಿಂತೇ ನಡೆದ ಆ ಸೆಣಸಾಟದ ಕೊನೆಗೆ ಆತ ತಾನಾಗಿಯೇ ಸೋಲನ್ನೊಪ್ಪಿ ಕಣದಿಂದ ಹೊರಬಿದ್ದನು. ಮೊದಲು ಗಾಚ್‌ನನ್ನು ತುಂಬುಮನಸ್ಸಿನಿಂದ ಹೊಗಳಿ, ತನ್ನ ಸ್ನಾಯುಗಳೂ ಪಾದಗಳೂ ಕೈಬಿಟ್ಟುವೆಂದು ಹೇಳಿಕೊಂಡನು. ಆಮೇಲೆ ಮಾತು ಬದಲಿಸಿ, ಗಾಚ್ ಮೈಗೆ ಎಣ್ಣೆ ಬಳಿದುಕೊಂಡಿದ್ದನೆಂದೂ ಮುಖವನ್ನು ಪರಚಿ ಕಣ್ಣಿಗೆ ಬೆರಳು ಹಾಕಿದನೆಂದೂ ದೂರಿದನು. ದೂರು ನಿಜವೇ ಇದ್ದೀತು. ಆದರೂ ಮೊದಲು ಆಡಿದ ಮಾತೇ ಹೆಚ್ಚು ದೊಡ್ಡದೆಂದು ನನ್ನ ಎಣಿಕೆ.

೧೯೧೧ರ ಕಥೆ ಇನ್ನೂ ಕರುಣಾಜನಕ. ಗಾಚ್‌ನೊಡನೆ ಎರಡನೆಯ ಪಂದ್ಯ ಗೊತ್ತಾಯಿತು. ಅಭ್ಯಾಸಕ್ಕೆ ನಿಂತ ಜೊತೆಗಾರರಲ್ಲಿ ಡಾಕ್ಟರ್ ರೋಲರ್ ಒಬ್ಬನು. ನಮ್ಮ ಗಾಮಾ ಪಹಿಲ್ವಾನ್ ೧೯೧೦ರಲ್ಲಿ ಲಂಡನ್ನಿನಲ್ಲಿ ಕೆಡಹಿದ ಆ ರೋಲರನೇ ಈತ. ಅಭ್ಯಾಸದ ನಡುವೆ ಹ್ಯಾಕೆನ್‌ಶ್ಮಿಟ್ಟನ ಬಲಮೊಣಕಾಲಿಗೆ ಪೆಟ್ಟು ಬಿದ್ದಿತು. ರೋಲರನ ಪಾದ ತಾಕಿ ಆಕಸ್ಮಿಕವಾಗಿ ಆದುದೆಂದು ಆತನೇ ಹೇಳಿದನು. ಇನ್ನೊಬ್ಬ ಜೊತೆಗಾರ ಆಡ್ ಸ್ಯಾಂಟೆಲ್ ಎಂಬವನು, ಗಾಚ್‌ನ ಕಡೆಯವರಿಂದ ಹಣ ಪಡೆದು ತಾನೇ ಅದನ್ನು ಮುರಿದೆನೆಂದು ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡನಂತೆ. ಕನ್ನಡ ಓದಿದವರಿಗೆ ಇಲ್ಲಿ ರನ್ನನ ಗದಾಯುದ್ಧ ನೆನಪಾಗದಿರದು. ಅಲ್ಲಿಯೂ ತೊಡೆಗೆ ಬಿದ್ದ ಪೆಟ್ಟಿನಿಂದಲೇ ಎಲ್ಲವೂ ತೀರ್ಮಾನವಾಗುತ್ತದೆ. ಆದರೆ ಅಲ್ಲಿ ಆ ಪೆಟ್ಟನ್ನು ಕಂಡವರಿದ್ದರು. ಇಲ್ಲಿ ಯಾವ ಕವಿಯೂ ಇರಲಿಲ್ಲ. ಸೆಪ್ಟೆಂಬರ್ ೪ರಂದು ಷಿಕಾಗೋವಿನ ಕಾಮಿಸ್ಕಿ ಕ್ರೀಡಾಂಗಣದಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಹಣ ತೆತ್ತು ಕುಳಿತಿದ್ದರು. ಪಂದ್ಯವನ್ನು ನಿಲ್ಲಿಸಿದ್ದರೆ ವ್ಯವಸ್ಥಾಪಕರಿಗೆ ಅಪಾರ ನಷ್ಟ. ಕಟ್ಟಿದ ಬಾಜಿಗಳೆಲ್ಲ ರದ್ದಾದುವೆಂದು ತೀರ್ಪುಗಾರನು ಮೊದಲೇ ಸಾರಿದನು. ತಿಳಿದವರಿಗೆ ಅಷ್ಟೇ ಸಾಕಾಗಿತ್ತು. ಕುಂಟುವ ಸಿಂಹ ಅರ್ಧ ಗಂಟೆಯೊಳಗೆ ಎರಡು ಸಲ ಬಿದ್ದಿತು.

ಆ ಬಳಿಕವೂ ಮತ್ತೊಂದು ಪಂದ್ಯಕ್ಕೆ ಅಣಿಯಾಗಲು ಯತ್ನಿಸಿದನು. ಸುಲಭವಾದ ಅಭ್ಯಾಸಕ್ಕೂ ಮೊಣಕಾಲು ನೋಯತೊಡಗಿದಾಗ ಕುಸ್ತಿಯನ್ನು ಬಿಟ್ಟನು. ಮೂವತ್ತೈದಕ್ಕೆ ಹತ್ತಿರದ ವಯಸ್ಸು.

ನಾನು ಆತನನ್ನು ಗೌರವಿಸುವುದು ಇಲ್ಲಿಂದ ಮುಂದಿನ ಐದು ದಶಕಗಳಿಗಾಗಿ. ಕುಸ್ತಿಯನ್ನು ಬಿಟ್ಟ ಮಲ್ಲರು ಸಾಮಾನ್ಯವಾಗಿ ಸಾಮನ್ನೂ ಬಿಡುತ್ತಾರೆ, ಊಟವನ್ನು ಮಾತ್ರ ಬಿಡುವುದಿಲ್ಲ. ಆಮೇಲಿನದನ್ನು ಬೇಗನೆ ಬರುವ ರೋಗಗಳು ನೋಡಿಕೊಳ್ಳುತ್ತವೆ. ಹ್ಯಾಕೆನ್‌ಶ್ಮಿಟ್ಟನು ಕಣವನ್ನು ಬಿಟ್ಟನು, ಅಂಗಸಾಧನೆಯನ್ನು ಬಿಡಲಿಲ್ಲ. ಇನ್ನೊಬ್ಬರಿಗೆ ತೋರಿಸುವುದಕ್ಕಾಗಿ ಎತ್ತುವುದು ನಿಂತಿತು. ತನ್ನ ದೇಹ ಆ ದಿನ ಎಷ್ಟಕ್ಕೆ ಒಪ್ಪುವುದೋ ಅಷ್ಟು ಎತ್ತುವುದು ಉಳಿಯಿತು. ಆಹಾರವನ್ನು ಬದಲಿಸಿ ಹಣ್ಣು, ಬೀಜ, ಬೇಯಿಸದ ತರಕಾರಿಗಳ ಕಡೆಗೆ ತಿರುಗಿದನು. ಓದತೊಡಗಿದನು. ಏಳು ಭಾಷೆಗಳನ್ನು ಬಲ್ಲವನೆಂದು ಹೆಸರಾಗಿದ್ದ ಈತ ೧೯೩೫ರಿಂದ ಮುಂದೆ ಮನಸ್ಸು, ಚೇತನ, ಪ್ರಜ್ಞೆ, ಶೀಲ, ನೆನಪು, ಮರೆವುಗಳನ್ನು ಕುರಿತು ಒಂದಾದಮೇಲೊಂದು ಪುಸ್ತಕ ಬರೆದನು. ಅವು ಸುಲಭವಾಗಿ ಓದಿಸಿಕೊಳ್ಳುವಂಥವಲ್ಲ. ವಾಕ್ಯಗಳು ಭಾರವಾದುವು, ಪಾರಿಭಾಷಿಕ ಪದಗಳು ಆತನೇ ಕಲ್ಪಿಸಿಕೊಂಡಂಥವು. ಕುಸ್ತಿಯನ್ನು ಮೆಚ್ಚಿದವರು ಅವನ್ನು ಓದಲಿಲ್ಲ, ತತ್ತ್ವಶಾಸ್ತ್ರದವರು ಜಟ್ಟಿಯ ಪುಸ್ತಕವೆಂದು ಬದಿಗಿಟ್ಟರು. ನೋವನ್ನು ಸೋಲಿಸಲಾಗದ ಬುದ್ಧಿವಂತನೊಬ್ಬ ಅದನ್ನು ಅರಿಯಲು ಹೊರಟರೆ ಎಲ್ಲಿಗೆ ತಲಪುವನೆಂಬುದು ಅಲ್ಲಿ ಕಾಣುತ್ತದೆ.

ಗೆದ್ದ ಗಾಚ್ ೧೯೧೭ರ ಡಿಸೆಂಬರಿನಲ್ಲಿ, ನಲವತ್ತರ ವಯಸ್ಸಿನಲ್ಲಿಯೇ ಮೂತ್ರಪಿಂಡದ ರೋಗದಿಂದ ತೀರಿಕೊಂಡಿದ್ದನು. ಸೋತವನು ಎರಡು ಮಹಾಯುದ್ಧಗಳನ್ನು ಕಂಡನು. ಫ್ರೆಂಚ್ ಮಹಿಳೆಯನ್ನು ವರಿಸಿದ್ದನು, ೧೯೩೯ರಲ್ಲಿ ಫ್ರಾನ್ಸಿನ ಪ್ರಜೆಯಾದನು, ೧೯೫೦ರಲ್ಲಿ ಬ್ರಿಟನ್ನಿನ ಪ್ರಜೆಯಾದನು. ದಕ್ಷಿಣ ಲಂಡನ್ನಿನ ಸೌತ್ ನಾರ್‌ವುಡ್‌ನಲ್ಲಿ ಹೆಂಡತಿಯೊಡನೆ ಸದ್ದಿಲ್ಲದೆ ಬಾಳಿದನು. ಇಳಿವಯಸ್ಸಿನಲ್ಲಿಯೂ ಕುರ್ಚಿಯ ಬೆನ್ನಿನ ಮೇಲಿಂದ ಹಾರುವ ಅಭ್ಯಾಸವನ್ನು ಇಟ್ಟುಕೊಂಡಿದ್ದನೆಂದು ಕಂಡವರು ಬರೆದಿದ್ದಾರೆ. ೧೯೬೮ರ ಫೆಬ್ರವರಿ ೧೯ರಂದು, ತೊಂಬತ್ತು ತುಂಬಿದ ಮೇಲೆ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕಣ್ಮುಚ್ಚಿದನು.