ಕಾಲೇಜು ಬಿಟ್ಟ ಕಾರಂತರು

'ಮ್ಯಾಶಲ್' ಮಾಂಗಾ ನಮ್ಮಲ್ಲಿ ತುಂಬಾ ಜನ ಓದಿರ್ತೀರಿ. ಮಂತ್ರ ಕಲಿಸುವ ಶಾಲೆ, ಅಲ್ಲಿ ಮಂತ್ರವೇ ಬಾರದ ಒಬ್ಬ ಹುಡುಗ. ಹಾಜಿಮೆ ಕೊಮೊಟೊ 2020ರಲ್ಲಿ ಶುರು ಮಾಡಿದ ಕತೆ. ಶಾಲೆಗೆ ಹೊಂದದ ಅಂಥ ಒಬ್ಬರು ನಮ್ಮ ಕಡೆಯೂ ಇದ್ದರು. ನನ್ನೂರು ಜಾಲ್ಸೂರಿನಿಂದ ಪುತ್ತೂರು ಬಸ್ಸು ಹತ್ತಿದರೆ ಅವರ ಮನೆ ಸಿಗ್ತದೆ. ಆದರೆ ಮ್ಯಾಶ್ ಶಾಲೆಯೊಳಗೇ ಉಳಿದು ಗೆಲ್ಲುತ್ತಾನೆ. ಶಿವರಾಮ ಕಾರಂತರು ಎದ್ದು ಹೊರಗೆ ಬಂದರು.

ಹುಟ್ಟಿದ್ದು 1902ರ ಅಕ್ಟೋಬರ್ 10, ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿ ಬಂತು. ಓದು ಬಿಟ್ಟು ಖಾದಿ ಪ್ರಚಾರಕ್ಕೆ ಹೊರಟರು. ಆಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಒಂದು ಬ್ಯಾಕ್‌ಲಾಗ್ ಬಂದರೆ ನಮ್ಮ ಮನೆಯಲ್ಲಿ ಏನಾಗ್ತದೆ ಅಂತ ಗೊತ್ತುಂಟಲ್ಲ, ಇವರು ಪೂರ್ತಿ ಡ್ರಾಪ್‌ಔಟ್.

ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಮಾಡಿದರು. ಪತ್ರಿಕೆ, ನಾಟಕ, ಮೂಕಿ ಸಿನಿಮಾ, ಕುಣಿತ, ಅಚ್ಚುಕೂಟ. ಕೆಲವು ನಡೆದವು, ಕೆಲವು ಮಗುಚಿದವು. ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ಕಟ್ಟಿದರು. ಅಲ್ಲಿ ಮಕ್ಕಳು ಆಡುತ್ತಾ, ಹಾಡುತ್ತಾ, ಗಿಡ ಮರ ನೋಡುತ್ತಾ ಕಲಿಯಬೇಕು ಅನ್ನುವುದು ಅವರ ಲೆಕ್ಕ. ಮಾಂಗಾದಲ್ಲಿ ಬಂದರೆ ನಾವು ಸೂಪರ್ ಅಂತೇವೆ, ಇವರು ಅದನ್ನು 1930ರ ದಶಕದಲ್ಲೇ ಮಾಡಿ ನೋಡಿದ್ದರು. ಶಾಲೆ ಬಹಳ ಕಾಲ ಬಾಳಲಿಲ್ಲ. ಮಕ್ಕಳಿಗೆ 'ಬಾಲ ಪ್ರಪಂಚ' ಬರೆದರು, ಮುಂದೆ 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ. ವಿಜ್ಞಾನದ ಡಿಗ್ರಿ ಇಲ್ಲದ ಮನುಷ್ಯ ಕೂತು ಓದಿ, ಕನ್ನಡದಲ್ಲಿ ವಿಜ್ಞಾನ ವಿವರಿಸಿದ್ದು. ಇಂಗ್ಲಿಷ್ ಮೀಡಿಯಮ್ಮಿನ ನನಗೆ ಅದರಲ್ಲಿನ ಎಷ್ಟೋ ಪದ ಹೊಸತು.

ಕಾದಂಬರಿಗಳ ಪಟ್ಟಿ ಕೊಟ್ಟರೆ ಪುಟ ಸಾಕಾಗುವುದಿಲ್ಲ. ಎರಡೇ ಹೇಳ್ತೇನೆ. 1943ರ 'ಬೆಟ್ಟದ ಜೀವ'ದಲ್ಲಿ ಸುಬ್ರಹ್ಮಣ್ಯದ ಕಡೆಯ ಬೆಟ್ಟ ಕಾಡು ಉಂಟು. ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ ಮತ್ತು ಅವರ ಹೆಂಡತಿ ಶಂಕರಿ, ಮನೆ ಬಿಟ್ಟುಹೋದ ಮಗ. ನಮ್ಮ ಸುಳ್ಯದ ಕಡೆ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಜ್ಜ ಅಜ್ಜಿ ಮಾತ್ರ ಉಳಿದ ತೋಟದ ಮನೆಗಳನ್ನು ನೋಡಿದವರಿಗೆ ಇದು ಹಳೇ ಕತೆ ಅಂತ ಅನಿಸುವುದೇ ಇಲ್ಲ. ಇನ್ನೊಂದು 'ಮೂಕಜ್ಜಿಯ ಕನಸುಗಳು'. ವಸ್ತು ಮುಟ್ಟಿದರೆ ಅದರ ಹಿಂದಿನ ಕಾಲ ಕಾಣುವ ಅಜ್ಜಿ. ಅಪ್ಪಟ ಫ್ಯಾಂಟಸಿ ಪವರ್! ಆದರೆ ಅಜ್ಜಿ ಅದರಿಂದ ಯಾರ ಮೇಲೂ ಯುದ್ಧ ಮಾಡುವುದಿಲ್ಲ, ದೇವರು, ಗಂಡು-ಹೆಣ್ಣು, ಸಾವು ಇವುಗಳ ಬಗ್ಗೆ ನೇರವಾಗಿ ಮಾತಾಡ್ತಾಳೆ. ಇದಕ್ಕೆ 1977ರ ಜ್ಞಾನಪೀಠ ಬಂತು. ಕಾಲೇಜು ಮುಗಿಸದವರಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು.

ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಮಾಡಿದರು. ಕೈಗಾ ಅಣು ಸ್ಥಾವರ ಬೇಡ ಅಂತ ಹೋರಾಡಿದರು. 1989ರಲ್ಲಿ, 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂದೇ ಬಂತು. ಅದರ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವ ದಾಖಲೆ ಮಾಡಿತು. ಎಂಜಿನಿಯರ್ ಆಗಲು ಹೊರಟ ನನಗೆ ಆ 962 ಖುಷಿ ಕೊಡ್ತದೆ. ಆದರೂ ಮುಳುಗುವ ಕಾಡಿನ, ಉಳಿಯುವ ತ್ಯಾಜ್ಯದ ಲೆಕ್ಕ ಕೇಳಿದ ಆ ಮುದುಕರ ಪ್ರಶ್ನೆ ನಮ್ಮ ಸಿಲಬಸ್ಸಿನಲ್ಲಿ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ತಮ್ಮ ಆತ್ಮಕತೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ತೀರಿಕೊಂಡದ್ದು 1997ರ ಡಿಸೆಂಬರ್ 9ಕ್ಕೆ, ಮಣಿಪಾಲದಲ್ಲಿ. ಬಾಲವನದಲ್ಲಿ ಅವರ ಮನೆ ಈಗಲೂ ಉಂಟು, ಊರಿಗೆ ಹೋದಾಗ ನೋಡಿ ಬನ್ನಿ.